ಒಣಮೀನು ನಾನು ಕೊಟ್ಟದ್ದಲ್ಲ

ಒಣ ಶೆಟ್ಲಿಯನ್ನು, ಅಂದರೆ ಒಣಗಿಸಿದ ಸೀಗಡಿಯನ್ನು, ನನ್ನ ರೋಗಿ ಬೀಬಮ್ಮನಿಗೆ ನಾನು ಕೊಟ್ಟದ್ದಲ್ಲ. ಬಾಯಿ ಚಪಲ ತಡೆಯಲಾರದೆ ಅವರು ತಿಂದದ್ದೂ ಅಲ್ಲ. ದುಬೈ ಆಸ್ಪತ್ರೆಯಲ್ಲಿ ಕೊಡಬೇಕಿದ್ದ ಕ್ಯಾನ್ಸರ್ ಔಷಧಿಯ ದಿನ ಮುಂದೆ ಹೋಗಲಿ, ಅಷ್ಟರೊಳಗೆ ಮೊಮ್ಮಗಳು ಹಡೆಯಲಿ, ಆ ಮಗುವಿನ ಬಾಯಿಗೆ ಮೊದಲ ಖರ್ಜೂರ ತಾನೇ ಇಡುವ ಹಾಗಾಗಲಿ ಅಂತ ಬೇಕಂತಲೇ ತಿಂದದ್ದು. ನಡೆದದ್ದು ಇಷ್ಟೇ. ಬೀಬಮ್ಮ ಈಗಿಲ್ಲ. ತೀರಿಕೊಂಡದ್ದು ಆ ಕಾಯಿಲೆಯಿಂದಲ್ಲ, ಎಷ್ಟೋ ಕಾಲದ ಮೇಲೆ ಎದೆನೋವು ಬಂದು. ಇನ್ನು ಹೇಳಿದರೆ ಯಾರಿಗೂ ನಷ್ಟವಿಲ್ಲ. ಭಟ್ಕಳದ ಆ ಓಣಿಯಲ್ಲಿ ಇವತ್ತಿಗೂ "ನಾಗವೇಣಿ ರೋಗಿಗೆ ಮೀನು ತಿನ್ನಿಸಿ ಕೆಡಿಸಿದಳು" ಎನ್ನುವವರಿದ್ದಾರೆ. ಅವರು ಓದುತ್ತಾರೋ ಇಲ್ಲವೋ ಗೊತ್ತಿಲ್ಲ.

ಹೊನ್ನಾವರದಲ್ಲಿ ಈಗ ಮನೆಮನೆಗೆ ಹೋಗಿ ರೋಗಿ ನೋಡಿಕೊಳ್ಳುವ ಕೆಲಸವನ್ನು ಹುಡುಗಿಯರಿಗೆ ಕಲಿಸುತ್ತಾರೆ. ಕಲಿಸುವ ಮೇಡಂ ನನ್ನ ಹತ್ತಿರ, "ನಾಗಕ್ಕ, ನೀವು ಕಂಡದ್ದನ್ನು ಬರೆದುಕೊಡಿ, ಇವರಿಗೆ ಓದಿ ಹೇಳುತ್ತೇನೆ" ಅಂದರು. ನಾನು ಓದಿದ್ದು ನಮ್ಮೂರು ಕಾಗಾಲದ ಶಾಲೆಯಲ್ಲಿ ಮೂರನೇ ಇಯತ್ತೆಯವರೆಗೆ. ಅಕ್ಷರ ತಪ್ಪಿದರೆ ಅವರೇ ತಿದ್ದಿಕೊಳ್ಳಲಿ. ಸಂಗತಿ ತಿದ್ದುವುದು ಬೇಡ.

ನಾನು ಕೆಲಸಕ್ಕೆ ಸೇರಿದ್ದು ಹೊನ್ನಾವರದ ಒಂದು ಸಣ್ಣ ಆಸ್ಪತ್ರೆಯಲ್ಲಿ, ಆಯಾ ಆಗಿ. ಅಲ್ಲೊಬ್ಬರು ದೊಡ್ಡ ಸಿಸ್ಟರ್ ಇದ್ದರು. ಬಯ್ಯುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ನಾನು ಮೊದಲ ದಿನ ಒಬ್ಬ ಮುದುಕಿಯ ಮೈ ಒರೆಸಲು ಹೋದಾಗ ಹಿಂದಿನಿಂದ ಬಂದು ನನ್ನ ಕೈ ಹಿಡಿದು ನೋಡಿದರು. "ಎಂತದೆ ಇದು, ಸತ್ತ ಬಂಗಡೆ ಹಾಂಗೆ ತಣ್ಣಗೆ? ಬಿಸಿನೀರಲ್ಲಿ ಕೈ ಅದ್ದಿ ಬೆಚ್ಚಗೆ ಮಾಡ್ಕ. ಮತ್ತೆ ಮುಟ್ಟು." ನನಗೆ ಸಿಕ್ಕ ಪಾಠ ಅದೊಂದೇ. ಉಳಿದದ್ದನ್ನು ರೋಗಿಗಳೇ ಕಲಿಸಿದರು. ಆಗ ಹಳೆ ಸೀರೆ ಹರಿದು, ಕುದಿಸಿ, ಒಣಗಿಸಿ ರೋಗಿಯ ಸೊಂಟದಡಿಗೆ ಹಾಸುತ್ತಿದ್ದೆವು. ದಿನಕ್ಕೆ ನಾಲ್ಕು ಸಲ ಬದಲಿಸುವಾಗ ನಾಲ್ಕು ಸಲ ಬೆನ್ನು ಕಾಣುತ್ತಿತ್ತು. ಈಗ ಡಯಪರ್ ಬಂದಿದೆ. ಬೆಳಿಗ್ಗೆ ಹಾಕಿದರೆ ಸಂಜೆವರೆಗೆ ಮೊಬೈಲ್ ನೋಡಬಹುದು. ಹುಣ್ಣಾದ ಮೇಲೆ ಡಾಕ್ಟರರನ್ನು ಕರೆಯುತ್ತೀರಿ. ಬೇಜಾರು ಮಾಡಿಕೊಳ್ಳುವುದಾದರೆ ಮಾಡಿಕೊಳ್ಳಿ, ನಾನು ಕಂಡದ್ದು ಹೇಳಿದೆ.

ಮನೆ ಕೆಲಸಕ್ಕೆ ಮೊದಲು ಹೋದದ್ದು ಕರ್ಕಿಗೆ. ಯಕ್ಷಗಾನದಲ್ಲಿ ಹೆಣ್ಣು ವೇಷ ಮಾಡಿ ಹೆಸರಾದವರು, ಲಕ್ವ ಹೊಡೆದು ಮಲಗಿದ್ದರು. ಮಾತು ಅರ್ಧ ಹೋಗಿತ್ತು. ನಾನು ಬಗ್ಗಿ ಗಂಜಿ ಕುಡಿಸುವಾಗೆಲ್ಲ ನನ್ನ ಸೆರಗು ನೋಡಿ ಕಿರಿಕಿರಿ ಮಾಡುತ್ತಿದ್ದರು. ಕೆಟ್ಟ ಕಣ್ಣು ಅಂತ ನಾನು ತಿಳಿದೆ. ಒಂದು ದಿನ ಸರಿಯಿದ್ದ ಎಡಗೈಯಿಂದ ನನ್ನ ಸೆರಗಿನ ತುದಿ ಹಿಡಿದು, ನೆರಿಗೆ ಕೂಡಿಸಿ, ಸೊಂಟಕ್ಕೆ ಸಿಕ್ಕಿಸು ಅಂತ ಸನ್ನೆ ಮಾಡಿದರು. "ಹೀಂ...ಗೆ" ಅಂದರು. ನಾನು ಉಟ್ಟ ಚಂದಕ್ಕೆ ಅವರ ಜೀವ ಒದ್ದಾಡುತ್ತಿತ್ತು, ಅಷ್ಟೇ. ಅವತ್ತಿನಿಂದ ನನ್ನ ಸೆರಗು ಗಂಜಿ ಬಟ್ಟಲಿಗೆ ಬೀಳಲಿಲ್ಲ. ಅವರು ಹೋದಾಗ ಮನೆಯವರು ಅಳುತ್ತಿದ್ದರು, ನಾನು ಹಾಸಿಗೆ ಮಡಚಿ ಕುಮಟೆ ಬಸ್ಸು ಹತ್ತಿದೆ. ಈ ಕೆಲಸ ಮುಗಿಯುವುದು ಹೀಗೆಯೇ. ಒಂದು ಮನೆಯ ಅಡುಗೆಕೋಣೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಗೊತ್ತಾಗುವ ಹೊತ್ತಿಗೆ ಆ ಮನೆಯಲ್ಲಿ ನಮಗೆ ಕೆಲಸವಿರುವುದಿಲ್ಲ.

ಬೀಬಮ್ಮನ ಮನೆಗೆ ಹೋದದ್ದು ಅವರು ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡಾಗ. ಭಟ್ಕಳದ ನವಾಯತ ಮುಸಲ್ಮಾನರ ದೊಡ್ಡ ಮನೆ. ಗಂಡಸರೆಲ್ಲ ದುಬೈಯಲ್ಲಿ, ಮನೆ ತುಂಬ ಸೊಸೆಯಂದಿರು, ಮಕ್ಕಳು. ಅವರಿಗೆ ಬೇರೆ ದೊಡ್ಡ ಹೆಸರಿತ್ತು, ನಾನು ಬೀಬಮ್ಮ ಅಂದೆ, ಅವರು ನಾಗು ಅಂದರು. ತಿಂಗಳಿಗೆ ಮುಗಿಯಬೇಕಾದ ಕೆಲಸ ಮುಗಿಯಲಿಲ್ಲ. ನಡೆದಾಡಲು ಶುರು ಮಾಡಿದ ಮೇಲೂ "ನಾಗು ಇರ್ಲಿ" ಅಂತ ಇಟ್ಟುಕೊಂಡರು. ನನಗೆ ಕೊಂಕಣಿ ಬರುತ್ತಿತ್ತು, ಅವರ ಮಾತೂ ಅದಕ್ಕೆ ಹತ್ತಿರ, ಕೂಡಿಸಿ ಕಳೆದು ಮಾತಾಡುತ್ತಿದ್ದೆವು. ಜಗಳಕ್ಕೆ ಮಾತ್ರ ಇಬ್ಬರೂ ಕನ್ನಡ.

ಒಂದು ವರ್ಷ ಅವರ ಕುತ್ತಿಗೆಯಲ್ಲಿ ಗಂಟು ಎದ್ದಿತು. ಥೈರಾಯ್ಡ್ ಗ್ರಂಥಿಯ ಕ್ಯಾನ್ಸರ್ ಅಂದರು. ಮಂಗಳೂರಲ್ಲಿ ಕತ್ತರಿಸಿ ತೆಗೆದರು. ಉಳಿದ ಬೇರು ಸುಡಲು ಅಯೋಡಿನ್ ಔಷಧಿ ಕೊಡಬೇಕು, ಅದರಲ್ಲಿ ಅಣುಶಕ್ತಿಯ ಕಿರಣ ಇರುತ್ತದೆ ಅಂದರು. ಅದು ಮಂಗಳೂರಿನ ಕಡೆಯೂ ಸಿಗುತ್ತಿತ್ತು. ಆದರೆ ದೊಡ್ಡ ಮಗ ಇಲಿಯಾಸ ದುಬೈಯಿಂದ ಫೋನಿನಲ್ಲೇ ಹಟ ಹಿಡಿದ. "ಅಮ್ಮ ನನ್ನ ಹತ್ರ ಬರ್ಲಿ. ಇಲ್ಲಿನ ಮಶೀನೇ ಬೇರೆ." ಮಶೀನು ಬೇರೆಯೋ ಅಲ್ಲವೋ ಅವನಿಗೂ ಗೊತ್ತಿರಲಿಲ್ಲ. ತಾಯಿಯನ್ನು ನೋಡಿ ಬಹಳ ದಿನವಾಗಿತ್ತು, ಅದು ಗೊತ್ತಿತ್ತು. ಜೊತೆಗೆ ನಾನೂ ಹೋಗುವುದೆಂದಾಯಿತು. ನನಗೆ ಪಾಸ್‌ಪೋರ್ಟು ಮಾಡಿಸಿದರು.

ಭಟ್ಕಳದಿಂದ ಯಾರು ದುಬೈಗೆ ಹೊರಟರೂ ಅವರ ಚೀಲ ಅವರದಲ್ಲ. ಓಣಿಯ ತಾಯಂದಿರೆಲ್ಲ ತಮ್ಮ ತಮ್ಮ ಮಕ್ಕಳಿಗೆ ಒಂದೊಂದು ಕಟ್ಟು ತಂದುಕೊಡುತ್ತಾರೆ. ಮಿಡಿ ಉಪ್ಪಿನಕಾಯಿ, ಅಕ್ಕಿ ಹಪ್ಪಳ, ಒಣಮೀನು. ಎದುರುಮನೆಯವರು ಒಣ ಶೆಟ್ಲಿ ಕೊಟ್ಟರು. ವಾಸನೆ ಬಾರದ ಹಾಗೆ ಪ್ಲಾಸ್ಟಿಕ್ಕು, ಅದರ ಮೇಲೆ ಪೇಪರು, ಅದರ ಮೇಲೆ ಹಳೆ ಲುಂಗಿ ಸುತ್ತಿದ್ದರು. "ನನ್ನ ಮಗ ಬಂದು ತಗೊಂಡು ಹೋಗ್ತಾನೆ" ಅಂದರು. ಅವನು ಯಾವುದೋ ಸೈಟಿನ ಕೆಲಸಕ್ಕೆ ದೂರ ಹೋಗಿದ್ದ, ಬರಲೇ ಇಲ್ಲ. ಕಟ್ಟು ಇಲಿಯಾಸನ ಫ್ಲ್ಯಾಟಿನಲ್ಲಿ ನಮ್ಮಿಬ್ಬರ ಕೋಣೆಯ ಬಾಗಿಲ ಹಿಂದೆ ಕೂತಿತು.

ಆಸ್ಪತ್ರೆಯಲ್ಲಿ ಡಾಕ್ಟರರು ಹೇಳಿದ್ದನ್ನು ಇಲಿಯಾಸ ತಿರುಗಿಸಿ ಹೇಳಿದ. "ಅಮ್ಮ, ಮೈಯಲ್ಲಿರೂ ಅಯೋಡಿನ್ ಎಲ್ಲ ಖಾಲಿ ಆಗ್ಬೇಕಂತೆ. ಹಸಿದವರು ಊಟಕ್ಕೆ ಬಿದ್ದ ಹಾಂಗೆ ಗಂಟಿನ ಬೇರು ಈ ಔಷಧಿ ಎಳ್ಕೊಳ್ತದಂತೆ. ಅದ್ಕೇ ಸಮುದ್ರದ ಮೀನು ಇಲ್ಲ, ಅಯೋಡಿನ್ ಹಾಕಿದ ಉಪ್ಪಿಲ್ಲ, ಹಾಲಿಲ್ಲ."

"ಮೀನು ತಿಂದ್ರೆ?" ಅಂತ ಬೀಬಮ್ಮ ಕೇಳಿದರು.

"ತಿಂದ್ರೆ ಹೊಟ್ಟೆ ತುಂಬಿದ ಹಾಂಗೆ. ಔಷಧಿ ಹಿಡಿಯೂದಿಲ್ಲ. ದಿನ ಮುಂದೆ ಹಾಕ್ತಾರೆ."

ಅವರು ಸುಮ್ಮನೆ ತಲೆ ಆಡಿಸಿದರು. ಆಗ ನನಗೆ ಸಂಶಯ ಬರಲಿಲ್ಲ.

ಡಾಕ್ಟರರು ಮತ್ತೂ ಒಂದು ಮಾತು ಹೇಳಿದ್ದರು. ಔಷಧಿ ಕೊಟ್ಟ ಮೇಲೆ ಅದು ರೋಗಿಯ ಬೆವರು, ಎಂಜಲು, ಮೂತ್ರ ಎಲ್ಲದರಲ್ಲೂ ಬರುತ್ತದೆ. ನೀರು ಕುಡಿದಷ್ಟೂ ಬೇಗ ತೊಳೆದುಹೋಗುತ್ತದೆ. ಎಳೆ ಮಗು, ಬಸುರಿ, ಬಾಣಂತಿ ಯಾರೂ ಕೆಲವು ವಾರ ಹತ್ತಿರ ಬರಬಾರದು. ಇಲಿಯಾಸನ ಮಗಳು ಸಫಾ ಚೊಚ್ಚಲ ಬಸುರಿ, ಹೆರಿಗೆಗೆ ಅಪ್ಪನ ಮನೆಗೆ ಬಂದಿದ್ದಳು. ಅವಳ ದಿನ ತುಂಬುವುದಕ್ಕಿಂತ ಒಂದು ವಾರ ಮೊದಲು ಔಷಧಿಯ ದಿನ ಬಿತ್ತು. ಔಷಧಿ ಆದ ಮೇಲೆ ಬೀಬಮ್ಮ ಅದೇ ಕಟ್ಟಡದಲ್ಲಿ ಇಲಿಯಾಸನ ಗೆಳೆಯನ ಖಾಲಿ ಮನೆಯಲ್ಲಿರುವುದು, ನಾನು ಆಚೆ ಕೋಣೆಯಲ್ಲಿದ್ದು ನೋಡಿಕೊಳ್ಳುವುದು ಅಂತ ಮಾತಾಯಿತು.

ಅವರಲ್ಲಿ ಮಗು ಹುಟ್ಟಿದೊಡನೆ ಹಿರಿಯರೊಬ್ಬರು ಖರ್ಜೂರ ಬಾಯಲ್ಲಿ ಮೆತ್ತಗೆ ಮಾಡಿ ಅಂಗುಳಕ್ಕೆ ಹಚ್ಚುತ್ತಾರೆ. ಆ ಮನೆಯ ಮಕ್ಕಳಿಗೆಲ್ಲ ಹಚ್ಚಿದ್ದು ಬೀಬಮ್ಮನೇ. ಸಫಾಗೂ ಹಚ್ಚಿದ್ದು ಅವರೇ. ಈಗ ಅವರ ಎಂಜಲೇ ಬೇಡವಾಯಿತು. "ಜೇನು ಬೆರಳಲ್ಲಿ ಹಚ್ಚಿರೆ ಆಗ್ತದೆ ಅಮ್ಮ, ನಾನು ಹಚ್ತೆ" ಅಂದ ಇಲಿಯಾಸ. ಅವರು ಅದಕ್ಕೂ ತಲೆ ಆಡಿಸಿದರು.

ಅಡುಗೆ ನನ್ನ ಕೈಯಲ್ಲಿ. ಬೇರೆ ಉಪ್ಪು, ಅನ್ನ, ತರಕಾರಿ, ಮೊಟ್ಟೆಯ ಬಿಳಿ. ಅವರಿಗೆ ಆಸೆ ಆಗಬಾರದೆಂದು ನಾನೂ ಅದನ್ನೇ ತಿಂದೆ. ಗ್ರಂಥಿ ತೆಗೆದ ಮೇಲೆ ದಿನಾ ನುಂಗುತ್ತಿದ್ದ ಥೈರಾಯ್ಡ್ ಮಾತ್ರೆಯನ್ನೂ ನಿಲ್ಲಿಸಿದ್ದರು. ಅದು ನಿಂತರೆ ಮನುಷ್ಯ ಹೇಗಾಗುತ್ತಾನೆ ಅಂತ ನಾನು ಅಲ್ಲೇ ನೋಡಿದ್ದು. ಮುಖ ಊದಿತು, ದನಿ ಗಂಡಸಿನ ಹಾಗಾಯಿತು, ಹೊರಗೆ ಕೆಂಡದಂಥ ಬಿಸಿಲು, ಇವರಿಗೆ ಕಂಬಳಿ. ಒಂದು ಮಾತು ಕೇಳಿದರೆ ಉತ್ತರ ಬರುವ ಹೊತ್ತಿಗೆ ನಾನು ಪಾತ್ರೆ ತೊಳೆದಾಗಿರುತ್ತಿತ್ತು. ಆ ಅವಸ್ಥೆ ಒಂದು ದಿನ ಹೆಚ್ಚಾದರೂ ಹಿಂಸೆ.

ಔಷಧಿಗೆ ಮೊದಲು ಮೂತ್ರ ಪರೀಕ್ಷೆ ಮಾಡಿದರು. ಅಯೋಡಿನ್ ತುಂಬ ಇದೆ, ಮತ್ತೆರಡು ವಾರ ಬಿಟ್ಟು ಬನ್ನಿ ಅಂದರು. ಡಾಕ್ಟರರು ಇಲಿಯಾಸನ ಮುಖ ನೋಡಿದರು, ಇಲಿಯಾಸ ನನ್ನ ಮುಖ ನೋಡಿದ.

"ನಾಗಕ್ಕ, ಮೀನು ಕೊಟ್ರಾ?"

"ಇಲ್ಲ."

"ಮತ್ತೆ ಅದು ಎಲ್ಲಿಂದ ಬಂತು?"

"ನಂಗೆ ಗೊತ್ತಿಲ್ಲ. ನಾ ಕೊಟ್ಟದ್ದಲ್ಲ."

ಬೀಬಮ್ಮ ಪಕ್ಕದ ಕುರ್ಚಿಯಲ್ಲೇ ಇದ್ದರು. ಜಪಮಣಿ ಎಣಿಸುತ್ತಲೇ ಇದ್ದರು.

ಅವತ್ತಿನಿಂದ ಇಲಿಯಾಸನ ಹೆಂಡತಿ ನನ್ನನ್ನು ಅಡುಗೆಕೋಣೆಗೆ ಬಿಡಲಿಲ್ಲ. ಜಗಳ ಆಡಲಿಲ್ಲ, "ನೀವು ಕೂತ್ಕಳಿ, ನಾ ಮಾಡ್ತೆ" ಅಂದಳು. ಕೂತೆ. ಜನ್ಮದಲ್ಲಿ ಕೂತು ಗೊತ್ತಿಲ್ಲದವಳು ಆ ಗಾಜಿನ ಕಿಟಕಿಯ ಹತ್ತಿರ ಕೂತು ಕೆಳಗೆ ಕಾರು ನೋಡಿದೆ. ಸಮುದ್ರ ಕಾಣುತ್ತದೆ ಅಂದಿದ್ದರು. ಎರಡು ಕಟ್ಟಡದ ಸಂದಿಯಲ್ಲಿ ಒಂದು ಬೆರಳಿನಷ್ಟು ಕಾಣುತ್ತಿತ್ತು, ಅದೂ ಅಲುಗಾಡುವುದಿಲ್ಲ. ಮನೆ ತುಂಬ ಜನ, ನನ್ನ ಹತ್ತಿರ ಯಾರೂ ಮಾತಾಡರು. ಕಾಗಾಲಕ್ಕೆ ಫೋನು ಮಾಡಿದರೆ ಮಗಳು "ಹ್ಯಾಂಗಿದ್ದು ದುಬೈ?" ಅಂತ ಕೇಳುವಳು. "ಚಲೋ ಇದ್ದು" ಅನ್ನುವೆ. ಅಲ್ಲಿಗೆ ಮಾತು ಮುಗಿಯುವುದು.

ಬೀಬಮ್ಮನಿಗೆ ಸ್ನಾನ ಮಾಡಿಸುವುದು ಮಾತ್ರ ನನಗೆ ಉಳಿದಿತ್ತು. ಎರಡು ಮೂರು ದಿನದ ಮೇಲೆ ಉಗುರು ತೆಗೆಯಲು ಅವರ ಕೈ ಹಿಡಿದಾಗ ವಾಸನೆ ಬಂತು. ನಮ್ಮ ಕಡೆ ಹುಟ್ಟಿದವರಿಗೆ ಆ ವಾಸನೆ ಯಾವುದೆಂದು ಕೇಳಬೇಕಾಗಿಲ್ಲ. ಎದ್ದು ಹೋಗಿ ಬಾಗಿಲ ಹಿಂದಿನ ಕಟ್ಟು ನೋಡಿದೆ. ಲುಂಗಿಯ ಒಂದು ಮೂಲೆ ಸಡಿಲಾಗಿತ್ತು, ಪ್ಲಾಸ್ಟಿಕ್ಕಿಗೆ ಬೆರಳು ಹೋಗುವಷ್ಟು ತೂತು.

ವಾಪಸು ಬಂದು ಬಚ್ಚಲ ಬಾಗಿಲು ಹಾಕಿದೆ. "ಎಂತ ಮಾಡಿದ್ರಿ ನೀವು?"

"ಎಂತ ಮಾಡ್ದೆ?"

"ಹಲ್ಲು ನಾಲ್ಕಿದ್ದು. ಅದ್ರಲ್ಲಿ ಪರರ ಮನೆ ಶೆಟ್ಲಿ ತಿಂತ್ರಾ?"

"ಚೀಪಿದೆ" ಅಂದರು. "ಮೊದ್ಲು ಉಪ್ಪು ತಿಂದು ನೋಡ್ದೆ. ವಾಂತಿ ಬಂತು."

ನನಗೆ ನಗು ಬಂತು, ಸಿಟ್ಟೂ ಬಂತು. ಸಿಟ್ಟನ್ನೇ ಇಟ್ಟುಕೊಂಡೆ. "ಎಂತಕ್ಕೆ? ಸಾಯೂಕಾ?"

"ಸಾಯೂಕೆ ಇಷ್ಟು ದೂರ ಬರ್ಬೇಕಾ? ಭಟ್ಕಳದಲ್ಲೇ ಆಗ್ತಿರ್ಲಿಲ್ವಾ?" ನಿಧಾನಕ್ಕೆ, ಆ ದಪ್ಪ ದನಿಯಲ್ಲಿ ಹೇಳಿದರು. "ಹುಡುಗಿಗೆ ಯಾವಾಗ ಬೇಕಾದ್ರೂ ನೋವು ಬರ್ತದೆ. ಆ ಮಗು ಬಾಯಿಗೆ ಖರ್ಜೂರ ಇಟ್ಟು ಮತ್ತೆ ಔಷಧಿಗೆ ಹೋಗ್ತೆ. ಡಾಕ್ಟರ್ ಹತ್ರ ಕೇಳು ಅಂದೆ ಇಲಿಯಾಸಂಗೆ, ಒಂದು ತಿಂಗಳು ಬಿಟ್ಟು ಆಗ್ತದಾ ಅಂತ. ಅವ ಕೇಳ್ಲೇ ಇಲ್ಲ. 'ಅಮ್ಮಂಗೆ ಹೆದ್ರಿಕೆ' ಅಂದ್ಕಂಡ. ನನ್ನ ಬಾಯಲ್ಲಿ ವಿಷ ಬಂದ ಮೇಲೆ ನಂಗೆ ಆ ಮಗು ಎಂತ ಆಗ್ಬೇಕು, ಫೋಟೋನಾ?"

"ಅವತ್ತು ಅಲ್ಲಿ ಹೇಳೂದಲ್ವಾ, ನಾಗು ಕೊಟ್ಟದ್ದಲ್ಲ ಅಂತ?"

ಅವರು ಸೋಪು ನೋಡುತ್ತಾ ಕೂತರು. "ಹೇಳಿರೆ ನಾ ತಿಂದದ್ದು ಗೊತ್ತಾಗ್ತದೆ. ಗೊತ್ತಾದ್ರೆ ಸೊಸೆ ಮಗು ಕೊಡೂದಿಲ್ಲ ನನ್ನ ಕೈಗೆ. ಮಳ್ಳು ಹಿಡ್ದದೆ ಅಂತಾಳೆ."

ಅದು ನಿಜವಾಗಿತ್ತು. ನಾನು ಯೋಚನೆ ಮಾಡಿದ್ದು ಬಹಳವೇನಲ್ಲ. ಹೇಳಿದರೆ ನನ್ನ ಹೆಸರು ಉಳಿಯುತ್ತದೆ, ಔಷಧಿಯ ದಿನ ಒಂದು ಗಳಿಗೆಯೂ ಹಿಂದೆ ಬರುವುದಿಲ್ಲ. ಅದಾಗಲೇ ಮುಂದೆ ಹೋಗಿದೆ. "ಇನ್ನೊಂದ್ ಚೂರು ಬಾಯಿಗೆ ಹೋದ್ರೆ ಡಾಕ್ಟರ್ ಹತ್ರ ನಾನೇ ಹೇಳ್ತೆ" ಅಂದೆ. "ಮಗು ಅಷ್ಟರಲ್ಲಿ ಹುಟ್ಟದಿದ್ರೆ ನಿಮ್ಮ ನಸೀಬು. ಎರಡ್ನೇ ಸಲ ಮುಂದೆ ಹಾಕೂಕೆ ನಾ ಬಿಡೂದಿಲ್ಲ. ಮೈ ನೋಡ್ಕಣಿ ಹ್ಯಾಂಗಾಗಿದೆ ಅಂತ."

"ಆತು" ಅಂದರು.

ಕಟ್ಟನ್ನು ನಾನು ಬಿಗಿಯಾಗಿ ಹೊಲಿದು ಕಪಾಟಿನ ಮೇಲಿಟ್ಟೆ. ಅವರು ಮಾತು ಉಳಿಸಿಕೊಂಡರು. ಆಮೇಲೆ ಮಾತ್ರ ನಮ್ಮಿಬ್ಬರ ನಡುವೆ ಮೊದಲಿನ ಹಾಗೆ ಇರಲಿಲ್ಲ. ಮೊದಲು ಮಲಗಿದಲ್ಲಿಂದಲೇ ಓಣಿಯವರೆಲ್ಲರ ಸುದ್ದಿ ಮಾತಾಡುತ್ತಿದ್ದೆವು. ಈಗ ಅವರು ಗೋಡೆ ಕಡೆ, ನಾನು ಬಾಗಿಲ ಕಡೆ.

ಒಂದು ವಾರ ಹೋಯಿತು, ಸಫಾಗೆ ನೋವಿಲ್ಲ. ದಿನ ತುಂಬಿತು, ಆಗಲೂ ಇಲ್ಲ. ಬೀಬಮ್ಮ ದಿನಾ ಅವಳ ನಡಿಗೆ ನೋಡುತ್ತಿದ್ದರು. "ಹೊಟ್ಟೆ ಇಳಿದದಾ ನಾಗು, ನೋಡು" ಅಂತ ಅದೊಂದು ಮಾತಿಗೆ ಮಾತ್ರ ನನ್ನನ್ನು ಕರೆಯುವರು. "ಇಲ್ಲ" ಅನ್ನುವೆ. ಸಮಾಧಾನಕ್ಕೆ ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. ಆಸ್ಪತ್ರೆಗೆ ಇನ್ನೆರಡು ದಿನ ಇದೆ ಅನ್ನುವಾಗ ಬೆಳಿಗ್ಗೆ ಸಫಾ ಸೊಂಟ ಹಿಡಿದುಕೊಂಡು ಎದ್ದಳು. ಮಧ್ಯಾಹ್ನಕ್ಕೆ ಹೆಣ್ಣು ಹುಟ್ಟಿತು.

ಬೀಬಮ್ಮನನ್ನು ಆಸ್ಪತ್ರೆಯ ಬಾಣಂತಿ ಕೋಣೆಗೆ ನಡೆಸಿಕೊಂಡು ಹೋದದ್ದು ನಾನೇ. ಅವರ ಬೆರಳುಗಳು ಊದಿ ಬಾಳೆಕಾಯಿ ಹಾಗಾಗಿದ್ದವು. ಖರ್ಜೂರವನ್ನು ಆ ನಾಲ್ಕು ಹಲ್ಲಿನಲ್ಲಿ ಮೆತ್ತಗೆ ಮಾಡಲು ಅವರಿಗೆ ಎಷ್ಟು ಹೊತ್ತು ಹಿಡಿಯಿತೆಂದರೆ ಇಲಿಯಾಸನ ಹೆಂಡತಿ ಗಡಿಯಾರ ನೋಡಿದಳು. ಮಗುವನ್ನು ಅವರ ತೊಡೆಯ ಮೇಲಿಟ್ಟರು. ನಾನು ಹಿಂದೆ ನಿಂತು ಅವರ ಎರಡೂ ಮೊಣಕೈ ಹಿಡಿದೆ. ಅವರು ಬೆರಳ ತುದಿಯಲ್ಲಿ ಚೂರು ಹಚ್ಚಿದರು. ಮಗು ಮುಖ ಹುಳಿ ಮಾಡಿತು, ಮತ್ತೆ ಬೆರಳನ್ನೇ ಹಿಡಿದು ಚೀಪಿತು. "ಅಜ್ಜನ ಮೂಗು" ಅಂದರು. ಸಾಕು ಅಂತ ಸೊಸೆ ಕೈ ಚಾಚಿದಳು, ಕೊಟ್ಟರು.

ಎರಡು ದಿನದ ಮೇಲೆ ಪರೀಕ್ಷೆ ಸರಿ ಬಂತು, ಔಷಧಿ ಕೊಟ್ಟರು. ಔಷಧಿ ಅಂದರೆ ಒಂದು ಗುಳಿಗೆ. ಅದನ್ನು ಸೀಸದ ಗಡಿಗೆಯಲ್ಲಿಟ್ಟು, ಗಾಡಿಯಲ್ಲಿ ತಳ್ಳಿಕೊಂಡು ಬಂದು, ನುಂಗಿಸಿ, ನರ್ಸು ಸರಸರ ಹೊರಗೆ ಹೋದಳು. ದಪ್ಪ ಗೋಡೆಯ ಕೋಣೆ, ಭಾರದ ಬಾಗಿಲು. ನೆಲದಲ್ಲಿ ಹಳದಿ ಗೆರೆ, ನಾನು ಅದನ್ನು ದಾಟಬಾರದು. ಜನ್ಮವಿಡೀ ಮುಟ್ಟುವುದನ್ನೇ ಕೆಲಸ ಮಾಡಿಕೊಂಡವಳು, ಸಮುದ್ರ ದಾಟಿ ಬಂದು ಗೆರೆಯ ಈಚೆ ಕೈಕಟ್ಟಿ ನಿಂತೆ. ಒಳಗಿದ್ದ ಅವರನ್ನು ತೋರಿಸುವ ಟಿ.ವಿ. ಹೊರಗಿತ್ತು, ಮಾತಾಡಲು ಒಂದು ಫೋನು.

ಅಲ್ಲೇ ಇಲಿಯಾಸ ನನಗೆ ಟಿಕೆಟ್ ಕೊಟ್ಟ. "ನಾಗಕ್ಕ, ನಾಳೆ ಹೋಗಿ. ಇನ್ನು ನಾವೇ ನೋಡ್ಕೊಳ್ತೇವೆ." ದನಿ ಏರಿಸಲಿಲ್ಲ. ಮೀನಿನ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಫೋನು ತೆಗೆದು ಬೀಬಮ್ಮನಿಗೆ ಹೇಳಿದೆ. "ನಾ ನಾಳೆ ಊರಿಗೆ ಹೋತೆ."

ಟಿ.ವಿ.ಯಲ್ಲಿ ಅವರು ಹಾಸಿಗೆಯಿಂದ ಏಳುವುದು ಕಂಡಿತು. "ಇಲಿಯಾಸ ಕಳಿಸಿದ್ನಾ? ನಾ ಹೊರಗೆ ಬಂದು ಹೇಳ್ತೆ ಅವ್ನಿಗೆ, ಎಲ್ಲ ಹೇಳ್ತೆ."

"ಹೇಳೂದು ಬೇಡ. ಹೇಳಿರೆ ಮುಂದೆಯೂ ಮಗು ನಿಮ್ಮ ಕೈಗೆ ಕೊಡೂದಿಲ್ಲ. ತಿಂದದ್ದು ದಕ್ಕಿಸ್ಕಣಿ."

"ಸಿಟ್ಟಾ ನಾಗು?"

"ಹೌದು" ಅಂದೆ.

ಮಂಗಳೂರಿಗೆ ವಿಮಾನ, ಅಲ್ಲಿಂದ ಕುಮಟೆಗೆ ರೈಲು. ಭಟ್ಕಳ ಸ್ಟೇಷನ್ ಬಂದಾಗ ಕಿಟಕಿಯಿಂದ ನೋಡಿದೆ, ಇಳಿಯಲಿಲ್ಲ. ಕಾಗಾಲದಲ್ಲಿ ಮೊಮ್ಮಕ್ಕಳು ಚೀಲಕ್ಕೆ ಕೈ ಹಾಕಿ ಚಾಕಲೇಟು ಹುಡುಕಿದರು. ಮಗಳು, ಅಳಿಯ, ಮಕ್ಕಳು, ಎಲ್ಲ ಒಟ್ಟಿಗೆ ಮಾತಾಡುತ್ತಿದ್ದರು. ನಾನು ಮಾತು ಬಿಟ್ಟುಹೋದವಳ ಹಾಗೆ ಕೂತಿದ್ದೆ. ಅಲ್ಲಿಯದನ್ನು ಯಾರಿಗೆ ಹೇಳುವುದು? ಹೇಳಬಹುದಾದ ಒಬ್ಬರು ದಪ್ಪ ಗೋಡೆಯ ಒಳಗಿದ್ದರು.

ನಾಲ್ಕಾರು ದಿನ ಕಳೆದು ಸಂಜೆ ಮಗಳ ಮೊಬೈಲಿಗೆ ವಿಡಿಯೋ ಕರೆ ಬಂತು. ಬೀಬಮ್ಮ. ಆ ಖಾಲಿ ಮನೆ, ಹಿಂದೆ ಬರೀ ಗೋಡೆ. ಫೋನು ಹಿಡಿಯಲು ಬಾರದೆ ಹಣೆ ಮಾತ್ರ ತೋರಿಸುತ್ತಿದ್ದರು.

"ಯಾರಿದ್ದಾರೆ ಹತ್ರ?" ಅಂದೆ.

"ಯಾರೂ ಇಲ್ಲ. ತಟ್ಟೆ ಬಾಗ್ಲ ಹತ್ರ ಇಟ್ಟು ಬೆಲ್ ಮಾಡಿ ಹೋಗ್ತಾರೆ. ಬಾಣಂತಿ ಮನೆಯವರು ಅಲ್ದಾ, ಹೆದ್ರಿಕೆ. ಮಗು ಅಳೂದು ಸಹಾ ಕೇಳೂದಿಲ್ಲ ಇಲ್ಲಿಗೆ."

"ನೀರು ಕುಡೀತ್ರಾ? ಡಾಕ್ಟರ್ ಹೇಳಿದಷ್ಟು?"

"ಎದ್ದು ಹೋಗೂಕೆ ಬೇಜಾರು."

"ಆ ಒಂದು ಖರ್ಜೂರಕ್ಕೆ ಇಷ್ಟೆಲ್ಲ ಬೇಕಿತ್ತಾ ನಿಮ್ಗೆ?"

ಮಾತ್ರೆ ಮತ್ತೆ ಶುರುವಾಗಿದ್ದರೂ ಮಾತು ಇನ್ನೂ ನಿಧಾನವೇ. "ಬೇಕಿತ್ತು" ಅಂದರು. "ಬೆರಳು ಚೀಪಿತಲ್ಲ, ನೀ ನೋಡಿದ್ಯಲ್ಲ." ಮತ್ತೆ ಫೋನು ಕೈಯಿಂದ ಜಾರಿತೋ ಏನೋ, ಛಾವಣಿ ಕಂಡಿತು, ಕರೆ ನಿಂತಿತು.

ಮರುದಿನ ಬೆಳಿಗ್ಗೆ ಎದ್ದವಳೇ ಮಗಳ ಮೊಬೈಲ್ ತೆಗೆದುಕೊಂಡು ನಾನೇ ಕರೆ ಮಾಡಿದೆ. ಅಲ್ಲಿ ಅವರ ಬೆಳಗಿನ ನಮಾಜು ಆಗಷ್ಟೇ ಮುಗಿದಿತ್ತು. "ಎಂತ ನಾಗು, ಇಷ್ಟು ಬೇಗ?" ಅಂದರು. ಫೋನನ್ನು ಎದುರಿಗೆ ತಲೆದಿಂಬಿಗೆ ಒರಗಿಸಿ ಇಡಲು ಹೇಳಿದೆ. ಮುಖ ಪೂರಾ ಕಂಡಿತು, ಊತ ಸ್ವಲ್ಪ ಇಳಿದಿತ್ತು. ಎದ್ದು ಹೋಗಿ ನೀರು ತನ್ನಿ ಅಂದೆ. ಗೊಣಗುತ್ತಾ ಹೋದರು, ತಂದರು. ನನ್ನೆದುರೇ ಕುಡಿಯಿರಿ ಅಂದೆ. ಕುಡಿದು ಲೋಟ ಬೋರಲು ಮಾಡಿ ತೋರಿಸಿದರು.

"ಇನ್ನೊಂದು ಲೋಟ" ಅಂದೆ.